ಸೊಸೆಯ ಗಿಟಾರು ಬಿದ್ದ ದಿನ

ಗೌರಿ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಗೋಡೆಗೆಲ್ಲ ಬೂಷ್ಟು, ಮೂಲೆಮೂಲೆಗೆ ಜೇಡರಬಲೆ. ಸಾಗರದ ನಮ್ಮ ಮನೆ ಹಳೇ ಕಾಲದ್ದು, ಅಟ್ಟ ಎತ್ತರ. ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಒಂದೊಂದೇ ಕೋಣೆ ಗುಡಿಸುತ್ತಾ ಮಗ-ಸೊಸೆಯ ಕೋಣೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮನೆಯವರು ತೋಟಕ್ಕೆ, ಮಗ ಅಂಗಡಿಗೆ, ಸೊಸೆ ಬ್ಯಾಂಕಿಗೆ.

ಮೂಲೆಯಲ್ಲಿ ಗೋಡೆಗೆ ಒರಗಿಸಿ ಅವಳ ಗಿಟಾರು ಇತ್ತು. ಎಲೆಕ್ಟ್ರಿಕ್ ಗಿಟಾರು. ಟೊಳ್ಳು ಬುರುಡೆಯದಲ್ಲ, ಗಟ್ಟಿ ಮರದ್ದು, 4 ಕಿಲೋ ಮೇಲೇ ತೂಗುತ್ತದೆ. ಮುಟ್ಟದೆ ಗುಡಿಸೋಣ ಎಂದೇ ಹುಷಾರಾಗಿದ್ದೆ. ಕೋಲು ತಿರುಗಿಸುವಾಗ ಅದರ ಹಿಂಬದಿ ಗಿಟಾರಿನ ಹೆಗಲುಪಟ್ಟಿಗೆ ಸಿಕ್ಕಿಕೊಂಡದ್ದು ಗೊತ್ತೇ ಆಗಲಿಲ್ಲ. ಎಳೆದೆ. ಗಿಟಾರು ಬೆನ್ನು ಕೆಳಗಾಗಿ ಕಾವಿ ನೆಲಕ್ಕೆ ಬಿತ್ತು. ಮೊದಲು ‘ಟಕ್’ ಎಂದು ಒಣಕಟ್ಟಿಗೆ ಮುರಿದ ಸದ್ದು, ಆಮೇಲೆ ಆರೂ ತಂತಿ ಒಟ್ಟಿಗೆ ನರಳಿದ ಸದ್ದು. ಆ ನರಳಿಕೆ ನಿಲ್ಲುವವರೆಗೆ ನಾನು ಕೋಲು ಹಿಡಿದು ಹಾಗೇ ನಿಂತಿದ್ದೆ.

ಎತ್ತಿ ನೋಡಿದರೆ ತಲೆ ಓರೆಯಾಗಿತ್ತು. ವೀಣೆಗೆ ಬಿರಡೆಗಳಿರುವ ಹಾಗೆ ಇದಕ್ಕೂ ತುದಿಯಲ್ಲಿ ಒಂದು ಹಲಗೆ, ಅದರಲ್ಲಿ ಆರು ಬಿರಡೆ. ಆ ಹಲಗೆ ಕತ್ತಿಗೆ ಸೇರುವ ಕಡೆ ಹಿಂದುಗಡೆ ಬಾಯಿ ಬಿಟ್ಟಿತ್ತು. ಪೂರ್ತಿ ಬೇರೆಯಾಗಿರಲಿಲ್ಲ. ಮುಂದಿನ ಕಪ್ಪು ಬಣ್ಣದ ತೆಳು ಹಲಗೆ ಹಿಡಿದುಕೊಂಡಿತ್ತು, ಅಷ್ಟೇ.

ಈಗ ನಿಮ್ಮ ಹತ್ತಿರ ಒಂದು ಮಾತು ಒಪ್ಪಿಕೊಳ್ಳಬೇಕು ಸೋದರಿಯರೆ. ನನಗೆ ಮೊದಲು ಹೊಳೆದದ್ದು ಅಡುಗೆಮನೆ ಡ್ರಾಯರಿನಲ್ಲಿದ್ದ ಫೆವಿಕ್ವಿಕ್. ನಾಲ್ಕು ತೊಟ್ಟು ಬಿಟ್ಟು ಒತ್ತಿ ಹಿಡಿದರೆ ಒಂದು ನಿಮಿಷದಲ್ಲಿ ಕೂತುಬಿಡುತ್ತದೆ, ಗೋಡೆಗೆ ಒರಗಿಸಿಟ್ಟರೆ ಯಾರಿಗೆ ತಿಳಿಯಬೇಕು? ಮುಂದೆ ಎಂದೋ ಒಂದು ದಿನ ತಾನೇ ಬಿಟ್ಟುಕೊಂಡರೆ ಮಳೆಗಾಲದ ಥಂಡಿ ಮೇಲೆ ಹೊರಿಸಬಹುದು. ಟ್ಯೂಬು ತಂದದ್ದೂ ಆಯಿತು, ಮುಚ್ಚಳ ತಿರುಗಿಸಿದ್ದೂ ಆಯಿತು.

ನಾನು ಈ ಮನೆಗೆ ಬಂದ ವರ್ಷ ನಮ್ಮತ್ತೆಯವರ ಅಪ್ಪೆಮಿಡಿ ಭರಣಿ ಒಡೆದು, ಚೂರುಗಳನ್ನು ಹಿತ್ತಲ ಬಾಳೆಬುಡದಲ್ಲಿ ಹೂತಿದ್ದೆ. ಭರಣಿ ಎಲ್ಲಿ ಅಂತ ಅವರು ಒಂದೇ ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ಅಂತ ಇಪ್ಪತ್ತೆರಡು ವರ್ಷ, ಅವರು ಹೋಗುವವರೆಗೂ, ಬಾಳೆಬುಡ ಅಗೆಯುವಾಗೆಲ್ಲ ಎದೆ ಹೊಡೆದುಕೊಂಡದ್ದು ನನಗೊಬ್ಬಳಿಗೇ ಗೊತ್ತು. ಟ್ಯೂಬಿನ ಮುಚ್ಚಳ ಹಾಕಿದೆ. ಬ್ಯಾಂಕಿಗೆ ಫೋನು ಮಾಡಿದೆ.

"ನಿನ್ನ ಗಿಟಾರು ಬೀಳಿಸಿಬಿಟ್ಟೆ ಕಣೇ. ತಲೆ ಮುರೀತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅತ್ತೆ, ನಿಮ್ಮ ಕಾಲ ಮೇಲೆ ಬೀಳಲಿಲ್ಲ ತಾನೇ?" ಅಂದಳು. ಇಲ್ಲ ಅಂದೆ. "ತಂತಿ ಇನ್ನೂ ಬಿಗಿಯಾಗಿದೆಯಾ ನೋಡಿ."

ಬಿಗಿಯಾಗೇ ಇತ್ತು. ಅದನ್ನು ಮೊದಲು ಸಡಿಲಿಸಿ ಅಂದಳು. ಬಿರಡೆ ತಿರುಗಿಸುತ್ತಾ ತಂತಿ ಮೀಟಬೇಕು, ಸದ್ದು ಇಳಿಯುತ್ತಾ ಹೋದರೆ ಅದೇ ಸರಿಯಾದ ಕಡೆ, ಏರಿದರೆ ತಪ್ಪು ಕಡೆ. ಆರನ್ನೂ ಸ್ವಲ್ಪ ಸ್ವಲ್ಪವಾಗಿ, ಸರದಿ ಮೇಲೆ. "ಬಿರುಕನ್ನ ಮುಚ್ಚಿ ತೆರೆದು ಮಾಡಬೇಡಿ. ನೆಲದ ಮೇಲೆ ಸಿಬಿರು ಬಿದ್ದಿದ್ರೆ ಗುಡಿಸಬೇಡಿ, ಎತ್ತಿಡಿ. ಅಂಟು ಮಾತ್ರ ಹಾಕಬೇಡಿ ಅತ್ತೆ." ಕೊನೇ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಮೂರು ಸಿಬಿರು ಸಿಕ್ಕವು, ಒಂದಂತೂ ಜೀರಿಗೆ ಕಾಳಿನಷ್ಟು. ಮದುವೆ ಕಾಗದದ ಲಕೋಟೆಯಲ್ಲಿ ಹಾಕಿಟ್ಟೆ.

ತಂತಿ ಸಡಿಲಿಸುವ ಆತುರ ಯಾಕೆ ಅಂತ ಆಮೇಲೆ ತಿಳಿಯಿತು. ಶ್ರುತಿ ಮಾಡಿದ ಗಿಟಾರಿನಲ್ಲಿ ಆರು ತಂತಿಗಳು ಸೇರಿ ತಲೆಯನ್ನು ಎಳೆಯುವ ಸೆಳೆತ ಸುಮಾರು 40ರಿಂದ 45 ಕಿಲೋ. ನಮ್ಮ ರೇಷನ್ ಅಕ್ಕಿಯ ಒಂದು ಮೂಟೆಗಿಂತ ಸ್ವಲ್ಪ ಕಡಿಮೆ ಅನ್ನಿ. ಮುರಿದ ಜಾಗದ ಮೇಲೆ ಅಷ್ಟು ಭಾರ ಜಗ್ಗುತ್ತಿದ್ದರೆ ಬಿರುಕು ಗಂಟೆಗಂಟೆಗೂ ಹಿಗ್ಗುತ್ತದೆ. ಉಳಿದ ಎಳೆಗಳೂ ಸೀಳುತ್ತವೆ.

ಸಂಜೆ ಬಂದವಳು ಬ್ಯಾಗು ಇಟ್ಟು ಸೀದಾ ಕೋಣೆಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. ಅವಳಪ್ಪ ಮೈಸೂರಿನಲ್ಲಿ ಗುಮಾಸ್ತರಾಗಿದ್ದವರು. ಅವಳು ಕಾಲೇಜಿನಲ್ಲಿದ್ದಾಗ, ನಿವೃತ್ತಿಯ ದುಡ್ಡಿನಲ್ಲಿ ಆರ್ಕೆಸ್ಟ್ರಾದವರೊಬ್ಬರ ಹತ್ತಿರ ಇದನ್ನು ಹಳೇದಾಗಿ ಕೊಂಡು ಕೊಟ್ಟರಂತೆ. ಮನೆಯವರೆಲ್ಲ ಚಿನ್ನ ತೆಗೆಸಿಡಿ ಅಂದಾಗ. ಅವರು ತೀರಿಕೊಂಡು ಮೂರು ವರ್ಷವಾಯಿತು. ಇದು ನನಗೆ ಗೊತ್ತೇ ಇರಲಿಲ್ಲ ನೋಡಿ. ಎರಡು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಆ ಸಾಮಾನು ಎಲ್ಲಿಂದ ಬಂತು ಅಂತ ನಾನು ಕೇಳಿರಲಿಲ್ಲ. ‘ಸದ್ದು ಸಣ್ಣ ಮಾಡೇ’ ಅಂದದ್ದೇ ಹೆಚ್ಚು.

ರಾತ್ರಿ ಊಟದ ಮೇಲೆ ಟಾರ್ಚು ಹಿಡಿದು ಇಬ್ಬರೂ ಗಾಯ ನೋಡಿದೆವು. ಈ ಬಗೆಯ ಗಿಟಾರಿನಲ್ಲಿ ತಲೆ ಕತ್ತಿನ ನೇರಕ್ಕಿರುವುದಿಲ್ಲ, ಹಿಂದಕ್ಕೆ ಬಾಗಿರುತ್ತದೆ. ತಂತಿ ತನ್ನ ಪಟ್ಟಿಯ ಮೇಲೆ ಒತ್ತಿ ಕೂರಲಿ ಅಂತ ಹಾಗೆ ಮಾಡುತ್ತಾರೆ. ಆದ್ದರಿಂದ ಬೆನ್ನು ಕೆಳಗಾಗಿ ಬಿದ್ದರೆ ನೆಲ ಮುಟ್ಟುವುದು ಮೊದಲು ತಲೆಯೇ. ಇನ್ನೊಂದು ಕಾರಣವೂ ಇದೆ. ಕತ್ತಿನ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸಲಾಕೆ ಇರುತ್ತದೆ, ತಂತಿಯ ಸೆಳೆತಕ್ಕೆ ಕತ್ತು ಬಿಲ್ಲಿನ ಹಾಗೆ ಬಾಗದಿರಲಿ ಅಂತ. ಅದರ ತಿರುಪು ಬಿಗಿ ಮಾಡಲು ತಲೆಯ ಬುಡದಲ್ಲಿ ಮರ ಕೊರೆದು ಗುಳಿ ಮಾಡಿರುತ್ತಾರೆ. ಎಲ್ಲಿ ಬಲ ಬೇಕೋ ಅಲ್ಲೇ ಮರ ಕಡಿಮೆ.

ಮರದ ಎಳೆಯ ವಿಚಾರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸೌದೆ ಸೀಳಿದವರಿಗೆ ಗೊತ್ತು, ಎಳೆ ಹೋದ ದಿಕ್ಕಿಗೆ ಕತ್ತಿ ಇಟ್ಟರೆ ಒಂದೇ ಏಟಿಗೆ ಬಾಯಿ ಬಿಡುತ್ತದೆ, ಅಡ್ಡ ಕಡಿಯಲು ಹತ್ತು ಏಟು ಬೇಕು. ಒಂದೇ ಹಲಗೆಯಿಂದ ಕತ್ತನ್ನೂ ಬಾಗಿದ ತಲೆಯನ್ನೂ ಕೆತ್ತಿದಾಗ ಕತ್ತಿನಲ್ಲಿ ಉದ್ದಕ್ಕೆ ಹೋಗುವ ಎಳೆ ತಲೆಯ ಬುಡದಲ್ಲಿ ಓರೆಯಾಗಿ ತುಂಡಾಗುತ್ತದೆ. ಏಟು ಬಿದ್ದರೆ ಅಲ್ಲಿ ಸೀಳದೆ ಇನ್ನೆಲ್ಲಿ ಸೀಳಬೇಕು? ‘ಇದು ನಿಮ್ಮ ಕೋಲಿನ ತಪ್ಪಲ್ಲ ಅತ್ತೆ, ಇದರ ಹುಟ್ಟುಗುಣ’ ಅಂದಳು. ನನ್ನ ಸಮಾಧಾನಕ್ಕೆ ಹೇಳಿದಳೋ ಏನೋ.

ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕು ಅಂತ ಮಗ ಹೇಳಿದ. ಬಸ್ಸಿನಲ್ಲಿ ಹಾಕಿ ಕಳಿಸಿದರೆ ಉಳಿದದ್ದೂ ಮುರಿದೀತು ಅಂತ ನನ್ನ ಹೆದರಿಕೆ. ಆಗ ನನಗೆ ನೆನಪಾದದ್ದು ನಮ್ಮೂರ ಗುಡಿಗಾರರು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಯಾರಿಗೆ ಗೊತ್ತಿಲ್ಲ! ಮದುವೆಯ ಬೆಂಡಿನ ಬಾಸಿಂಗ ಮಾಡುವವರೂ ಅವರೇ. ನಮ್ಮ ಪರಿಚಯದ ಹಿರಿಯರೊಬ್ಬರು ಆನೆಯ ಸೊಂಡಿಲು, ದೇವಿಯ ಬೆರಳು ಮುರಿದದ್ದನ್ನೆಲ್ಲ ಕೂಡಿಸಿ ಕೊಡುತ್ತಾರೆ. ಗಿಟಾರು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಮರ ಮುಟ್ಟಿದವರು ತಾನೇ?

ಅವರು ಕನ್ನಡಕ ಏರಿಸಿ ಬಿರುಕಿನ ಮೇಲೆ ಬೆರಳಾಡಿಸಿದರು. "ಒಳ್ಳೇ ಮುರಿತ ಅಮ್ಮಾ" ಅಂದರು. ನನಗೆ ಸಿಟ್ಟು ಬಂತು. ಮುರಿತದಲ್ಲಿ ಒಳ್ಳೇದು ಎಂತದ್ದು? ಉದ್ದಕ್ಕೆ ಓರೆಯಾಗಿ ಸೀಳಿದರೆ ಅಂಟು ಹಿಡಿಯಲು ಜಾಗ ಜಾಸ್ತಿ ಸಿಗುತ್ತದಂತೆ. ಕ್ಯಾರೆಟ್ಟು ಮುರಿದ ಹಾಗೆ ಅಡ್ಡಕ್ಕೆ ತುಂಡಾಗಿದ್ದರೆ ಬರೀ ಅಂಟು ಸಾಲದು, ಕತ್ತಿನಲ್ಲಿ ಗಾಡಿ ಕೊರೆದು ಬೇರೆ ಮರದ ಪಟ್ಟಿ ಕೂರಿಸಬೇಕು. ಆಮೇಲೆ ಕೇಳಿದರು, "ಕ್ವಿಕ್ಕು ಗಿಕ್ಕು ಹಾಕಿಲ್ಲ ತಾನೇ?" ಸೊಸೆ ನನ್ನ ಮುಖ ನೋಡಿದಳು. ಇಲ್ಲ ಅಂತ ಗಟ್ಟಿಯಾಗಿಯೇ ಹೇಳಿದೆ.

ಆ ಅಂಟು ಇಂಥ ಕೆಲಸಕ್ಕೆ ಯಾಕೆ ಬೇಡ ಎಂದರೆ, ಜೋಡಿಸಿ ನೋಡಿ ಸರಿ ಮಾಡಲು ಪುರುಸೊತ್ತೇ ಕೊಡುವುದಿಲ್ಲ. ಕೂದಲೆಳೆಯಷ್ಟು ಸೊಟ್ಟಗೆ ಕೂತರೂ ಹಾಗೇ ಕಚ್ಚಿಬಿಡುತ್ತದೆ. ಅದು ಮರದ ಎಳೆಯೊಳಗೆ ಇಂಗಿದ ಮೇಲೆ ಬೇರೆ ಅಂಟು ಹಾಕಿದರೂ ಹಿಡಿಯದು, ಹೆರೆದೇ ತೆಗೆಯಬೇಕು. ಹೆರೆದರೆ ಎರಡು ಹೋಳಿನ ಹಲ್ಲು ಒಂದಕ್ಕೊಂದು ಕೂರುವುದಿಲ್ಲ.

ಅವರ ಹತ್ತಿರ ಸರೇಸು ಇತ್ತು, ಚರ್ಮ ಕುದಿಸಿ ತೆಗೆಯುವ ಹಳೇ ಕಾಲದ ಅಂಟು. (ಮೂಗು ಮುರಿಯಬೇಡಿ, ದೇವರ ಮುಂದೆ ನುಡಿಸುವ ಮೃದಂಗಕ್ಕೂ ಚರ್ಮವೇ.) ಅದನ್ನು ನೇರ ಒಲೆಯ ಮೇಲಿಡುವ ಹಾಗಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ಕುದಿ ಬಂದರೆ ಶಕ್ತಿ ಹೋಯಿತು. ನೂರು ವರ್ಷವಾದರೂ ಹಿಡಿಯುತ್ತದೆ, ಬೇಕೆಂದಾಗ ಬಿಸಿ ಹಬೆ ಕೊಟ್ಟು ಬಿಡಿಸಲೂಬಹುದು. "ಆದರೆ ಈ ಥಂಡೀಲಿ ಸಂದಿಯೊಳಗೆ ಹೋಗೋ ಮೊದಲೇ ಹೆಪ್ಪುಗಟ್ಟತ್ತೆ" ಅಂದರು. ಕೊನೆಗೆ ವಾದ್ಯ ಮಾಡುವವರು ಬಳಸುವ ಹಳದಿ ಮರಗೋಂದನ್ನು ಸೊಸೆ ಬೆಂಗಳೂರಿನ ಗೆಳತಿಯಿಂದ ತರಿಸಿದಳು. ಬಸ್ಸಿನ ಪಾರ್ಸೆಲ್ಲು ಬರಲು ನಾಲ್ಕು ದಿನ. ಆ ನಾಲ್ಕು ದಿನ ಗಿಟಾರು ನಡುಮನೆಯ ಮಂಚದ ಮೇಲೆ ಮಗುವಿನ ಹಾಗೆ ಮಲಗಿತ್ತು, ಕತ್ತಿನ ಕೆಳಗೆ ಹಳೇ ಸೀರೆಯ ಸಿಂಬೆ.

ಅಂಟು ಹಾಕುವ ದಿನ ಇಬ್ಬರೂ ಹೋಗಿ ಪಕ್ಕದಲ್ಲೇ ಕೂತೆವು. ಸೊಸೆ ಮೊದಲು ಬಿರಡೆಗಳನ್ನು ಕಳಚಿ, ಸಲಾಕೆಯ ತಿರುಪು ಸಡಿಲಿಸಿದಳು. ಗುಡಿಗಾರರು ಅಂಟಿಲ್ಲದೆ ಒಣದಾಗಿಯೇ ಒಂದು ಸಲ ಪೂರಾ ಕಟ್ಟಿ ನೋಡಿದರು. ಎಲ್ಲೋ ಒಂದು ಸಿಬಿರು ಮಡಚಿಕೊಂಡು ಬಾಯಿ ಮುಚ್ಚಲು ಬಿಡುತ್ತಿರಲಿಲ್ಲ. ಅದನ್ನು ಸೂಜಿಯಲ್ಲಿ ನೇರ ಮಾಡಲು ಅರ್ಧ ಗಂಟೆ ಹಿಡಿಯಿತು. ನಿಜವಾದ ಕೆಲಸ ಅದೇ ಅಂತೆ. ಸಲಾಕೆಯ ತುದಿಗೆ ಅಂಟು ತಾಗಬಾರದೆಂದು ಮೇಣ ಮೆತ್ತಿದರು. ಲಕೋಟೆಯ ಸಿಬಿರು ಮೂರೂ ತಮ್ಮ ತಮ್ಮ ಜಾಗಕ್ಕೆ ಬಂದವು, ಜೀರಿಗೆ ಕಾಳೂ ಸಹ!

ಆಮೇಲೆ ಇಂಜೆಕ್ಷನ್ನಿನ ಸಿರಿಂಜಿನಲ್ಲಿ ಅಂಟು ತುಂಬಿ ಬಿರುಕಿನ ತಳಕ್ಕೆ ಬಿಟ್ಟರು. ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದ. ತಲೆಯನ್ನು ಚೂರೇ ಚೂರು ಆಡಿಸಿ ಅದು ಒಳಗೆಲ್ಲ ಹರಡುವಂತೆ ಮಾಡಿ, ಕತ್ತಿನ ಉರುಟಿಗೆ ಸರಿಯಾಗಿ ತಾವೇ ಕೆತ್ತಿಟ್ಟಿದ್ದ ಮರದ ಅಚ್ಚನ್ನು ಹಿಂದೆ ಕೊಟ್ಟು, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲ್ಯಾಂಪು ಬಿಗಿದರು. ಹಾಳೆ ಇಲ್ಲದಿದ್ದರೆ ಅಚ್ಚೂ ಕತ್ತೂ ಒಂದೇ ಆಗಿಬಿಡುತ್ತದಲ್ಲ! ಸುತ್ತಲೂ ಅಂಟು ಮುತ್ತಿನ ಹನಿಯಂತೆ ಹೊರಬಂದಾಗ ಅವರ ಮುಖ ಅರಳಿತು, ಒಳಗೆ ಎಲ್ಲೂ ಖಾಲಿ ಇಲ್ಲವೆಂದು ಅರ್ಥ. ಒದ್ದೆ ಬಟ್ಟೆಯಲ್ಲಿ ಕೂಡಲೇ ಒರೆಸಿದರು. ಬಿಸಿಲು ನಾಡಾದರೆ ಒಂದು ದಿನ ಸಾಕು, ನಮ್ಮ ಭಾದ್ರಪದದ ಮಳೆಗೆ ಎರಡು ದಿನ ಕ್ಲ್ಯಾಂಪು ಬಿಚ್ಚುವಂತಿಲ್ಲ, ತಂತಿ ಹಾಕಲು ಇನ್ನೂ ಒಂದು ವಾರ ಬೇಡ ಅಂದರು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಡಲೇ ಅಂತ ಕೇಳಿದೆ. "ಒಂದು ಕಡೆ ಒಣಗಿ ಒಂದು ಕಡೆ ಹಸಿ ಇದ್ದರೆ ಮರ ತಿರುಚಿಕೊಳ್ಳತ್ತೆ, ಸುಮ್ನೆ ಬಿಡಿ" ಅಂದರು. ಕೂಲಿ 800 ರೂಪಾಯಿ ಕೇಳಿದರು. ಸೊಸೆ 1,000 ಕೊಟ್ಟಳು, ನಾನು ಎರಡು ಸೇರು ಕೆಂಪಕ್ಕಿ ಅವಲಕ್ಕಿ ಕೊಟ್ಟೆ.

ಹಾಗಾಗಿ ಗೌರಿ ಹಬ್ಬ, ಚೌತಿ ಎರಡೂ ಸದ್ದಿಲ್ಲದೆ ಕಳೆದವು. ಕಡುಬಿಗೆ ಕಾಯಿ ತುರಿಯುತ್ತಾ, ಚಕ್ಕುಲಿ ಒತ್ತುತ್ತಾ ಅವಳು ಗಿಟಾರಿನ ಕತೆಗಳನ್ನೆಲ್ಲ ಹೇಳಿದಳು. ಅಮೆರಿಕದ ಲಿಯೋ ಫೆಂಡರ್ ಎಂಬುವರು ಮೂಲತಃ ರೇಡಿಯೋ ರಿಪೇರಿಯವರು. ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲವಂತೆ. 1950ರಲ್ಲಿ ಅವರು ಮಾರುಕಟ್ಟೆಗೆ ತಂದ ಗಟ್ಟಿ ಮರದ ಗಿಟಾರಿನಲ್ಲಿ ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದರು. ಕತ್ತು ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು. ತಲೆಯನ್ನೂ ಹಿಂದಕ್ಕೆ ಬಾಗಿಸದೆ ನೇರ ಇಟ್ಟರು. ರಿಪೇರಿ ಮಾಡಿ ಕೈ ಸೋತವರಿಗೆ ಮಾತ್ರ ಹೊಳೆಯುವ ಯೋಚನೆ ಇದು! ನಮ್ಮ ಮಿಕ್ಸಿ ಮಾಡುವವರಲ್ಲಿ ಯಾರಾದರೊಬ್ಬರು ಹಿಂದೆ ಮಿಕ್ಸಿ ರಿಪೇರಿ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ. ಇನ್ನೊಬ್ಬರು ಲೆಸ್ ಪಾಲ್. 1948ರಲ್ಲಿ ಕಾರು ಅಪಘಾತದಲ್ಲಿ ಅವರ ಬಲಗೈ ಮೊಣಕೈ ಪುಡಿಯಾದಾಗ, ಇನ್ನು ಮಡಚಲು ಬರದಿದ್ದರೂ ಚಿಂತೆಯಿಲ್ಲ, ಗಿಟಾರು ಹಿಡಿಯುವ ಕೋನದಲ್ಲೇ ಕೂಡಿಸಿಬಿಡಿ ಎಂದು ಡಾಕ್ಟರಿಗೆ ಹೇಳಿದರಂತೆ. ಸೊಸೆಯ ಗಿಟಾರಿನ ಆಕಾರಕ್ಕೆ ಅವರದೇ ಹೆಸರು.

‘ನಮಗೆ ಈ ಕರೆಂಟಿನ ವಾದ್ಯ ಎಲ್ಲ ಹಿಡಿಸಲ್ಲಪ್ಪ’ ಅಂದೆ. "ಅತ್ತೆ, ನೀವು ಬೆಳಿಗ್ಗೆ ಬೆಳಿಗ್ಗೆ ಹಾಕ್ಕೊಂಡು ಕೇಳ್ತೀರಲ್ಲ, ಯು. ಶ್ರೀನಿವಾಸ್ ಮ್ಯಾಂಡೊಲಿನ್, ಅದೂ ಎಲೆಕ್ಟ್ರಿಕ್ಕೇ" ಅಂದಳು. ನಿಜ ಸೋದರಿಯರೆ! 2014ರಲ್ಲಿ 45ರ ವಯಸ್ಸಿಗೇ ತೀರಿಕೊಂಡರಲ್ಲ, ಅವರು ನುಡಿಸುತ್ತಿದ್ದದ್ದು ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಇಷ್ಟು ವರ್ಷ ಕೇಳಿದರೂ ನನಗೆ ತಿಳಿದಿರಲಿಲ್ಲ.

ಗಣಪತಿಯನ್ನು ನೀರಿಗೆ ಬಿಟ್ಟ ಮಾರನೇ ದಿನ ತಂತಿ ಹಾಕಿದಳು. ಆ ದಿನ ಅರ್ಧ ಶ್ರುತಿ ಮಾತ್ರ, ಮಾರನೇ ದಿನ ಪೂರ್ತಿ. ಪ್ರತಿ ಸಲ ಬಿರಡೆ ತಿರುಗಿಸುವಾಗಲೂ ನಾನು ಆ ಜಾಗವನ್ನೇ ನೋಡುತ್ತಿದ್ದೆ. ಕತ್ತು ಕದಲಲಿಲ್ಲ. ಆದರೆ ಆಂಪ್ಲಿಫೈಯರಿಗೆ ಸೇರಿಸಿದರೆ ಸದ್ದೇ ಇಲ್ಲ!

ತಂತಿಯ ಕೆಳಗೆ, ಕುದುರೆಯ ಹತ್ತಿರ ಇರುವ ಪಿಕಪ್ಪು ಎಂಬ ಡಬ್ಬಿಯಲ್ಲಿ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದರೆ ಆ ಸುರುಳಿಯಲ್ಲಿ ಎಳ್ಳಷ್ಟು ವಿದ್ಯುತ್ತು ಹುಟ್ಟುತ್ತದೆ, ಅದೇ ವೈರಿನಲ್ಲಿ ಹೋಗಿ ಸ್ಪೀಕರಿನಲ್ಲಿ ದೊಡ್ಡ ಸದ್ದಾಗುತ್ತದೆ. ಒಳಗಿನ ಸುರುಳಿಯೇ ಕಡಿದಿದ್ದರೆ ದೊಡ್ಡ ಕೆಲಸ. ಪುಣ್ಯಕ್ಕೆ ಹಾಗಾಗಿರಲಿಲ್ಲ. ಅವಳು ವೈರು ಕಳಚಿ, ಪಕ್ಕದ ತಗಡು ಬಿಚ್ಚಿ ನೋಡಿದರೆ, ವೈರು ಚುಚ್ಚುವ ಜಾಕಿನಲ್ಲಿ ಎರಡೇ ಎಳೆ, ಸದ್ದು ಒಯ್ಯುವುದೊಂದು, ಅರ್ತಿನದೊಂದು. ಮೊದಲೇ ಸಡಿಲವಿದ್ದ ಬೆಸುಗೆ ಬಿದ್ದ ರಭಸಕ್ಕೆ ಬಿಟ್ಟುಕೊಂಡಿತ್ತು. ಮಿಕ್ಸಿ ರಿಪೇರಿ ಅಂಗಡಿಯಿಂದ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ ತಂದು ಅವಳೇ ಬೆಸೆದಳು. ಟಾರ್ಚು ಹಿಡಿದದ್ದು ನಾನು. ಗುಂಯ್ ಎನ್ನುವ ಸದ್ದು ಬಂತು, ತಂತಿಯ ಮೇಲೆ ಕೈ ಇಟ್ಟೊಡನೆ ಕಡಿಮೆಯಾಯಿತು. ಹಾಗಾದರೆ ಸರಿಯಿದೆ ಅಂತ ಅರ್ಥವಂತೆ.

ಇಲ್ಲೊಂದು ಮಾತು ಮಾತ್ರ ತಾಯಂದಿರೆಲ್ಲ ಕಿವಿಗೆ ಹಾಕಿಕೊಳ್ಳಿ. ಗಿಟಾರಿನ ತಂತಿಗಳು ಒಳಗಿಂದ ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತವೆ. ನಿಮ್ಮ ಮಗ ಅಥವಾ ಮಗಳು ಹಳೇ ಮನೆಯ ಎರಡು ತೂತಿನ ಸಾಕೆಟ್ಟಿಗೆ ಹೊಂದಲಿ ಅಂತ ಪ್ಲಗ್ಗಿನ ದಪ್ಪ ಪಿನ್ನು ಕಿತ್ತುಹಾಕಿದ್ದರೆ ಇವತ್ತೇ ಬದಲಾಯಿಸಿ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಸ್ಕಾಟ್ಲೆಂಡಿನ ಗಿಟಾರು ವಾದಕ ಅರ್ತಿಂಗ್ ಸರಿಯಿಲ್ಲದ ಮೈಕು ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟ. ನಮ್ಮಲ್ಲಿ ಗೋಡೆ ಒದ್ದೆ, ನೆಲ ಒದ್ದೆ. ಬರಿಗಾಲಲ್ಲಿ ನುಡಿಸುವ ಮಕ್ಕಳಿಗೆ ಚಪ್ಪಲಿ ಹಾಕಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ನೋಡಿಸಿ.

ಅವತ್ತು ಅವಳು ನುಡಿಸಿದ್ದು ಏನೆಂದು ನನಗೆ ತಿಳಿಯಲಿಲ್ಲ, ಇಂಗ್ಲಿಷಿನದು. ನಡುವೆ ನಿಲ್ಲಿಸಿ ಆ ಜಾಗ ಮುಟ್ಟಿ ನೋಡಿಕೊಂಡಳು. ಕತ್ತಿನ ಹಿಂದೆ ಒಂದು ಗೆರೆ ಉಳಿದಿದೆ. ಬಣ್ಣ ಹಚ್ಚಿ ಮುಚ್ಚಬಹುದು ಅಂತ ಗುಡಿಗಾರರು ಹೇಳಿದ್ದರು. ಅವಳು ಬೇಡ ಅಂದಳು. ಹೆಬ್ಬೆರಳಿಗೆ ಆ ಗೆರೆ ಸಿಗುತ್ತದಂತೆ.

"ಫೆವಿಕ್ವಿಕ್ ಹಾಕಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ ಅತ್ತೆ?" ಅಂತ ಕೇಳಿದಳು. ಮುಚ್ಚಳ ತೆಗೆದದ್ದನ್ನು ಹೇಳಿದೆ. ಭರಣಿಯ ಕತೆಯನ್ನೂ ಹೇಳಿದೆ. ಎಷ್ಟು ನಕ್ಕಳು ಅಂದರೆ ನಡುಮನೆಯಿಂದ ನಮ್ಮನೆಯವರು ಎದ್ದುಬಂದರು.

ಗಿಟಾರು ಈಗ ಗೋಡೆಗೆ ಒರಗಿ ನಿಲ್ಲುವುದಿಲ್ಲ. ಮಗ ರಬ್ಬರಿನ ಹೊದಿಕೆಯ ಕೊಕ್ಕೆ ತಂದು, ಹೊರಗೋಡೆಯ ಥಂಡಿ ತಾಗದ ಒಳಗೋಡೆಗೆ ಹಾಕಿದ್ದಾನೆ. ಹೆಗಲುಪಟ್ಟಿ ಕಳಚಿ ಬೇರೆ ಇಡುತ್ತಾಳೆ. ಊರಿಗೆ ಒಯ್ಯುವುದಿದ್ದರೆ ತಂತಿ ಒಂದೆರಡು ಸುತ್ತು ಸಡಿಲಿಸಿ, ಪೆಟ್ಟಿಗೆಯೊಳಗೆ ತಲೆಯ ಕೆಳಗೂ ಅಕ್ಕಪಕ್ಕಕ್ಕೂ ಬಟ್ಟೆ ತುರುಕಬೇಕು. ಪೆಟ್ಟಿಗೆ ಬಿದ್ದರೂ ತಲೆ ಜೋಲಾಡಬಾರದು. ವೀಣೆ, ತಂಬೂರಿ ಇರುವವರಿಗೂ ಇದು ಅನ್ವಯಿಸುತ್ತದೆ.

ಚೌತಿಯ ಚಕ್ಕುಲಿ ಮೆತ್ತಗಾಗುತ್ತದೆ ಎಂದು ತೀರ್ಥಹಳ್ಳಿಯಿಂದ ಒಬ್ಬ ಸೋದರಿ ಬರೆದಿದ್ದಾರೆ. ಅಕ್ಕಿ ತೊಳೆದು ನೆರಳಲ್ಲಿ ಪೂರ್ತಿ ಆರಿಸಿ, ಉದ್ದು ಕೆಂಪಗೆ ಹುರಿದು ಬೀಸಿ, ಹಿಟ್ಟಿಗೆ ಬೆಣ್ಣೆಯನ್ನು ಕರಗಿಸದೆ ಹಾಗೇ ತಿಕ್ಕಿ ಕಲಸಿ. ಎಣ್ಣೆಯ ನೊರೆ ಪೂರ್ತಿ ನಿಂತ ಮೇಲೆ ತೆಗೆದು, ಆರಿದ ಮೇಲೇ ಡಬ್ಬಿಗೆ ಹಾಕಿ. ಕೆಸುವಿನ ಪತ್ರೊಡೆಯ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.